ಸೀಲ್ ಒಡೆಯದ ಪೆಟ್ಟಿಗೆಯ ಮೇಲೆ ಇನ್ನೊಂದು ಸೂರ್ಯ

ಹಳೆಯ ವಿಡಿಯೋ ಗೇಮ್‌ಗಳಿಗೆ ಬೆಲೆ ಉಳಿಯುತ್ತದೆಯೇ ಎಂದು ಕೇಳಿದರೆ ನಾನು ತಟ್ಟನೆ ಉತ್ತರ ಕೊಡುವುದಿಲ್ಲ. ನಿಪ್ಪಾಣಿಯಲ್ಲಿ ಅಣ್ಣನ ಮನೆಯ ಪಡಸಾಲೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಕಂಡಷ್ಟನ್ನೇ, ಕಂಡ ಕ್ರಮದಲ್ಲೇ ಬರೆಯುತ್ತೇನೆ.

ಮದುವೆಗೆ ಮೊದಲು ಅಣ್ಣ ಒಂದು ತಂಬಾಕು ಗೋದಾಮಿನ ಹಿಂದಿನ ಖೋಲಿಯಲ್ಲಿ ಟಿವಿಗಳನ್ನಿಟ್ಟು ಹುಡುಗರಿಗೆ ಗೇಮ್ ಆಡಿಸುತ್ತಿದ್ದ. ಆಗ ಗೇಮ್ ಎಂದರೆ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ. ನಾವೆಲ್ಲ ಅದನ್ನು ಕ್ಯಾಸೆಟ್ ಎನ್ನುತ್ತಿದ್ದೆವು. ಅದರ ಬಾಯಿಗೆ ಉಫ್ ಎಂದು ಊದಿ, ಯಂತ್ರದೊಳಗೆ ಒತ್ತಿ ಕೂರಿಸಬೇಕು. ಊದುವಾಗ ತಂಬಾಕಿನ ಧೂಳೆದ್ದು ಊದಿದವನೇ ಸೀನುತ್ತಿದ್ದ. ಸೀನು ಬಂದವನ ಸರದಿ ಹೋಯಿತು ಎಂದು ಉಳಿದವರು ಆಟದ ರಿಮೋಟು ಕಸಿದುಕೊಳ್ಳುತ್ತಿದ್ದರು. ಆ ಖೋಲಿಯ ಗದ್ದಲ ನೆನೆದರೆ ಈಗಲೂ ನನಗೆ ನಗು ಬರುತ್ತದೆ.

ಎಲ್ಲರ ಮನೆಗೂ ಕಂಪ್ಯೂಟರು, ಮೊಬೈಲು ಬಂದ ಮೇಲೆ ಖೋಲಿ ಮುಚ್ಚಿತು. ಅಣ್ಣ ಮೋಟಾರ್ ವೈಂಡಿಂಗ್ ಕಲಿತ. ಕಬ್ಬಿನ ಗದ್ದೆಗಳಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಟಿವಿ, ಯಂತ್ರ, ಕ್ಯಾಸೆಟ್ಟು ಎಲ್ಲ ಮಾರಿದ. ಒಂದನ್ನು ಮಾತ್ರ ಉಳಿಸಿಕೊಂಡ. ಅದು ಮುಂಬಯಿಯಿಂದ ಬಂದದ್ದು, ಮೇಲಿನ ಪಾರದರ್ಶಕ ಹಾಳೆಯ ಸೀಲ್ ಸಹ ಒಡೆದಿರಲಿಲ್ಲ. ಪೆಟ್ಟಿಗೆಯ ಮೇಲೆ ಸಂಜೆಯ ಸೂರ್ಯ, ಕೆಳಗೆ ಓಡುವ ಕೆಂಪು ಕಾರು. ಇಂಥದ್ದು ಈ ಕಡೆ ಮತ್ತೊಂದು ಬಂದಿಲ್ಲ, ಮುಂದೆ ಬೆಲೆ ಬರುತ್ತದೆ ಎಂಬುದು ಅವನ ನಂಬಿಕೆ. ಹುಳು ಹತ್ತದಿರಲಿ ಎಂದು ಟ್ರಂಕಿನಲ್ಲಿ ತಂಬಾಕಿನ ಎಲೆಗಳ ನಡುವೆ ಇಟ್ಟಿದ್ದ.

ಟ್ರಂಕಿನಿಂದ ಅದು ಹೊರಗೆ ಬರುತ್ತಿದ್ದುದು ವರ್ಷಕ್ಕೊಮ್ಮೆ, ದಸರೆಯ ಖಂಡೇ ಪೂಜೆಗೆ. ಆ ದಿನ ಕುಡಗೋಲು, ಕತ್ತರಿ, ಅಣ್ಣನ ಸ್ಪ್ಯಾನರುಗಳು ಎಲ್ಲ ಸಾಲಾಗಿ ಕೂರುತ್ತಿದ್ದವು. ಅನ್ನ ಕೊಟ್ಟ ವಸ್ತುವನ್ನು ಮರೆಯಬಾರದು, ಆ ಖೋಲಿಯೂ ನಮಗೆ ಅನ್ನ ಕೊಟ್ಟಿದೆ ಎಂದು ಅವ್ವ ಆ ಪೆಟ್ಟಿಗೆಯನ್ನೂ ಸಾಲಿನ ಕೊನೆಗೆ ಇಡುತ್ತಿದ್ದಳು. ಹಳೆಯ ಕುಂಕುಮ ಒರೆಸಿ ಹೊಸದು ಹಚ್ಚುವುದು ಅವಳದೇ ಕೆಲಸ. ಅವಳು ತೀರಿಹೋದ ಮೇಲೆ ಅಣ್ಣನ ಹೆಂಡತಿ, ನಮ್ಮ ವೈನಿ, ಬರೀ ಹೂವಿಟ್ಟು ಕೈ ಮುಗಿಯುತ್ತಾಳೆ.

ವೈನಿಯ ತವರು ಐಗಳಿ. ಮಾತು ಚುರುಕು. ಸತ್ತ ಕ್ಯಾಸೆಟ್ಟಿಗೆ ಟ್ರಂಕು, ಜೀವ ಇದ್ದ ನನ್ನ ಸೀರೆಗೆ ಗ್ವಾಡಿ ಮ್ಯಾಲಿನ ಮೊಳೆ ಎಂದು ಬಂದವರೆದುರಿಗೆಲ್ಲ ಹೇಳುವವಳು. ಈ ವರ್ಷ ಅಣ್ಣನ ಬಲ ಭುಜ ಹಿಡಿದುಕೊಂಡಿತು. ಕೈಯಿಂದ ತಿರುಗಿಸುವ ಹಳೆಯ ವೈಂಡಿಂಗ್ ಯಂತ್ರದ ಮುಂದೆ ಅರ್ಧ ತಾಸು ಕೂತರೆ ತೋಳು ಏಳುತ್ತಿರಲಿಲ್ಲ. ತಾನೇ ತಿರುಗುವ ಯಂತ್ರ ಕೊಳ್ಳಬೇಕು, ಅದಕ್ಕೆ ಈ ಕ್ಯಾಸೆಟ್ ಮಾರಬೇಕು ಎಂದು ಅವನು. ಈ ಸಲ ಮಾರದಿದ್ದರೆ ಗುಜರಿಗೆ ಹಾಕುತ್ತೇನೆ ಎಂದು ಅವಳು.

ಹಳೆಯ ಗೇಮ್ ಕೊಳ್ಳುವ ತರುಣನೊಬ್ಬ, ಅಣ್ಣ ಕಳಿಸಿದ ಫೋಟೋ ನೋಡಿ, ಕೊಲ್ಲಾಪುರದಿಂದ ಬರುವ ದಿನ ಅಣ್ಣ ನನ್ನನ್ನೂ ಕರೆದ. ಚಿಕ್ಕೋಡಿಯಿಂದ ಬಸ್ಸು ಹತ್ತಿ ಹೋದೆ.

ತರುಣ ಕೈಗೆ ಬಿಳಿ ಗವಸು ಹಾಕಿಕೊಂಡು ಪೆಟ್ಟಿಗೆ ಎತ್ತಿದ, ಮೂಗಿನ ಹತ್ತಿರ ತಂದ, ಸೀನಿದ. ಸರದಿ ಹೋತು ನಿಂದು ಎಂದು ಅಣ್ಣ ನಕ್ಕ. ತರುಣನಿಗೆ ಅರ್ಥವಾಗಲಿಲ್ಲ, ಆದರೂ ನಕ್ಕ. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಅವನು ಹೇಳಿದ್ದರಲ್ಲಿ ನನಗೆ ನೆನಪಿರುವುದು ಇಷ್ಟು. ಸಿಗದ ವಸ್ತುವಾದರೆ ಸಾಲದು, ಅದನ್ನು ಬೇಡುವವರಿರಬೇಕು. ಚಿಕ್ಕಂದಿನಲ್ಲಿ ಇದನ್ನು ಆಡಿದವರ ಕೈಯಲ್ಲಿ ಈಗ ದುಡ್ಡಿದೆ, ಅದಕ್ಕೇ ಬೆಲೆ ಏರಿದೆ. ಅವರಿಗೆ ವಯಸ್ಸಾದ ಮೇಲೆ ಹೇಗೋ, ತನಗೂ ಗೊತ್ತಿಲ್ಲ. ಸೀಲ್ ಇದ್ದರೆ ಒಂದು ಬೆಲೆ, ಒಡೆದರೆ ಇನ್ನೊಂದು, ನಕಲಿಯಾದರೆ ಏನೂ ಇಲ್ಲ. ಇದು ಅಸಲಿ, ಸೀಲೂ ಗಟ್ಟಿಯಾಗಿದೆ ಎಂದ. ಹೇಳಿದ ಬೆಲೆಯೂ ಯಂತ್ರಕ್ಕೆ ಸಾಕಾಗುವಷ್ಟಿತ್ತು. ಇಷ್ಟು ವರ್ಷ ಕಾದಿದ್ದು ಹುಚ್ಚುತನವಲ್ಲ ಎಂದು ತಿಳಿದವನೊಬ್ಬನ ಬಾಯಿಂದ ಕೇಳಿ ಅಣ್ಣನ ಮುಖ ಅರಳಿತು. ಅವನು ವೈನಿಯ ಕಡೆ ನೋಡಿದ. ವೈನಿ ಚಹಾದ ಕಪ್ಪುಗಳ ಕಡೆ ನೋಡಿದಳು.

ಆಗ ತರುಣ ಪೆಟ್ಟಿಗೆಯನ್ನು ಬೆಳಕಿಗೆ ವಾಲಿಸಿದ. ಫೋಟೋದಲ್ಲಿ ನೋಡಿದಾಗ ಚಿತ್ರದಲ್ಲೇ ಎರಡು ಸೂರ್ಯ ಇವೆ ಅಂದುಕೊಂಡಿದ್ದನಂತೆ.

"ಕಾಕಾ, ಇದು ಕಲೆ ಐತ್ರಿ. ಸೀಲಿನ ಮ್ಯಾಲೆ ಐತಿ, ಹಸಿ ಹತ್ತಿಲೆ ಒರಸಿದ್ರ ಹೋಗ್ತೈತಿ. ಒರಸಿ ಕೊಟ್ರ ಈಗಽ ಒಯ್ತೀನಿ."

ಹಾಗೇ ಬಿಟ್ಟರೆ ತನ್ನಂಥವರು ಯಾರೂ ಮುಟ್ಟುವುದಿಲ್ಲ ಎಂದೂ ಹೇಳಿದ.

ನಾನು ಬಗ್ಗಿ ನೋಡಿದೆ. ಕಾರಿನ ಮುಂದೆ, ರಸ್ತೆ ಮುಗಿಯುವಲ್ಲಿ ಕುಂಕುಮದ ಬೊಟ್ಟು. ದೀಪಕ್ಕೆ ಎಣ್ಣೆ ಹಾಕಿದ ಬೆರಳಿನಿಂದಲೇ ಅವ್ವ ಹಚ್ಚಿದ್ದಳು, ಅದಕ್ಕೇ ಉದುರದೆ ಅಂಟಿಕೊಂಡಿತ್ತು. ಕೊನೆಯ ವರ್ಷ ಅವಳಿಗೆ ಕಣ್ಣು ಮಂದವಾಗಿತ್ತು. ಬೊಟ್ಟು ದೊಡ್ಡದಾಗಿ, ಒಂದು ಬದಿಗೆ ಎಳೆದುಕೊಂಡಿತ್ತು. ಬೆರಳಿನ ಗೆರೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು.

ಅಣ್ಣ ಹತ್ತಿ ಹಸಿ ಮಾಡಿಕೊಂಡು ಬಂದ. ಬೊಟ್ಟಿನ ಹತ್ತಿರ ಒಯ್ದ. ಹತ್ತಿಯಿಂದ ಒಂದು ಹನಿ ಕಾರಿನ ಮೇಲೆ ಬಿತ್ತು. ಅವನು ಹಿಂದೆ ತೆಗೆದ, ಭುಜ ನೋಯುತ್ತದೆ ಎಂದ, ನನ್ನ ಕಡೆ ಹತ್ತಿ ಚಾಚಿದ. ನಾನು ತೆಗೆದುಕೊಳ್ಳಲಿಲ್ಲ.

ವೈನಿ ಎದ್ದು ಬಂದು ಅವನ ಕೈಯಿಂದ ಹತ್ತಿ ಕಸಿದುಕೊಂಡಳು. ಒರೆಸಿಯೇ ಬಿಡುತ್ತಾಳೆ ಎಂದುಕೊಂಡೆ. ಅವಳು ಸೆರಗಿನಿಂದ ಕಾರಿನ ಮೇಲಿನ ಹನಿಯನ್ನಷ್ಟೇ ಒತ್ತಿ ತೆಗೆದಳು.

"ನಮ್ಮತ್ತಿ ಬೆರಳ ಐತಿ ಇದರಾಗ. ಇದನ್ನ ಒರಸಬ್ಯಾಡ್ರಿ."

"ಮತ್ತ ಯಂತ್ರ?" ಎಂದ ಅಣ್ಣ.

"ಇದ್ದದ್ದ ಐತಲ್ಲ. ನಾ ತಿರುವತೀನಿ, ನೀವು ತಂತಿ ಹಿಡೀರಿ."

ತರುಣ ಗವಸು ಬಿಚ್ಚಿ ಜೇಬಿಗಿಟ್ಟುಕೊಂಡು, ಇನ್ನೊಂದು ಕಪ್ ಚಹಾ ಕೇಳಿದ. ಕೊಲ್ಲಾಪುರಕ್ಕೆ ಬಂದರೆ ತನ್ನ ಹಳೆಯ ಗೇಮ್‌ಗಳನ್ನು ನೋಡಿಹೋಗಬೇಕು ಎಂದು ಅಣ್ಣನಿಗೆ ಹೇಳಿ, ಬರಿಗೈಯಲ್ಲಿ ಹೋದ.

ಊಟವಾದ ಮೇಲೆ ಅಣ್ಣನ ವೈಂಡಿಂಗ್ ಅಂಗಡಿಗೆ ಹೋದೆವು. ಉಗಾರ ಬುದ್ರುಕದ ರೈತರೊಬ್ಬರ ಸುಟ್ಟ ಮೋಟಾರು ಕಾಯುತ್ತಿತ್ತು. ವೈನಿ ಸೀರೆ ಎತ್ತಿ ಕಟ್ಟಿ ಯಂತ್ರದ ಹಿಡಿಕೆ ಹಿಡಿದಳು. ಅಣ್ಣ ತಂತಿ ಬಿಡುತ್ತಾ ಸುತ್ತು ಎಣಿಸತೊಡಗಿದ. ನಡುವೆ ಅವಳು, ಟ್ರಂಕಿನ್ಯಾಗ ಆ ಡಬ್ಬಿ ಬಾಜೂಕ ನನ್ನ ಎರಡು ಸೀರಿ ಹಿಡಿತಾವ, ನೋಡೀನಿ ಎಂದಳು. ಅಣ್ಣನಿಗೆ ನಗು ಬಂದು ಲೆಕ್ಕ ತಪ್ಪಿತು. ತಂತಿಯನ್ನೆಲ್ಲ ಬಿಚ್ಚಿ, ಅವರು ಮೊದಲಿನಿಂದ ಸುತ್ತಿದರು.