ಕಸ್ತೂರಿ ಉರ್ಫ್ ಮಹಾದೇವಿ

೨೦೦೩ರ ಜೂನ್‌ನಲ್ಲಿ ನಾನು ಹುಮನಾಬಾದಿನಲ್ಲಿದ್ದೆ. ತಾಯಿ-ಮಗುವಿನ ಆರೋಗ್ಯಕ್ಕಾಗಿ ಕೆಲಸ ಮಾಡುತ್ತಿದ್ದ ಒಂದು ಸೇವಾಸಂಸ್ಥೆಯಲ್ಲಿ ಡೇಟಾ ಮಾಡೆಲರ್ ಹುದ್ದೆ. ಮಾಣಿಕನಗರದ ರಸ್ತೆಯಲ್ಲಿ ಗೊಬ್ಬರದಂಗಡಿಯ ಮೇಲಿನ ಎರಡು ಕೋಣೆ, ನಾಲ್ಕು ಕಂಪ್ಯೂಟರ್, ಕರೆಂಟ್ ಹೋದಾಗಲೆಲ್ಲ ಕಿರುಚುವ ಒಂದು ಯುಪಿಎಸ್, ಇಷ್ಟೇ ನಮ್ಮ ಆಫೀಸು. ಅದಕ್ಕೂ ಮೊದಲು ಏಳು ವರ್ಷ ಹೈದರಾಬಾದಿನ ಒಂದು ವಿಮಾ ಕಂಪನಿಯಲ್ಲಿ ಇದೇ ಕೆಲಸ ಮಾಡಿದ್ದೆ. ಮಾವನವರು ಹಾಸಿಗೆ ಹಿಡಿದ ಮೇಲೆ ಗಂಡನ ಊರಿಗೆ ಬಂದೆವು. ದೊಡ್ಡ ಊರಿನಲ್ಲಿ ಕೆಲಸ ಮಾಡಿ ಬಂದವಳು ಎಂಬ ಸೊಕ್ಕು ನನಗಿತ್ತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಈಗ ಹೇಳುವ ಪ್ರಕರಣದಲ್ಲಿ ಒಬ್ಬ ಹೆಣ್ಣುಮಗಳು ಸತ್ತಳು, ಆ ಸಾವಿನಲ್ಲಿ ನನ್ನ ಸೊಕ್ಕಿನ ಪಾಲೂ ಇದೆ.

ಡೇಟಾ ವೇರ್‌ಹೌಸ್ ಎಂದರೆ ಬೇರೆ ಬೇರೆ ಕಡೆಯ ದಾಖಲೆಗಳನ್ನು ಒಂದೇ ಕಡೆ ತಂದು, ಕೇಳಿದ ಪ್ರಶ್ನೆಗೆ ಉತ್ತರ ಸಿಗುವಂತೆ ಜೋಡಿಸಿಟ್ಟ ಉಗ್ರಾಣ. ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲೂಕುಗಳ ಹಳ್ಳಿಗಳಲ್ಲಿ ಸಂಸ್ಥೆಯ ನರ್ಸ್‌ಗಳು ಬಸುರಿಯರ ರಿಜಿಸ್ಟರ್ ಬರೆಯುತ್ತಿದ್ದರು. ನಮ್ಮ ಟೈಪಿಸ್ಟ್‌ಗಳು ಅದನ್ನು ಕಂಪ್ಯೂಟರಿಗೆ ಏರಿಸುತ್ತಿದ್ದರು. ಪ್ರತಿ ಸೋಮವಾರ ವೇರ್‌ಹೌಸ್‌ನಿಂದ ನಿಗಾ ಪಟ್ಟಿ ಎಂಬ ಒಂದು ಕಾಗದ ಹೊರಬರುತ್ತಿತ್ತು. ಹಿಂದಿನ ಹೆರಿಗೆಯಲ್ಲಿ ಜೀವಕ್ಕೆ ಕುತ್ತು ಬಂದಿದ್ದ ಹೆಂಗಸರ ಹೆಸರು ಅದರಲ್ಲಿ ಇರಬೇಕು. ಪಟ್ಟಿಯಲ್ಲಿದ್ದವರನ್ನು ದಿನ ತುಂಬುವ ಮೊದಲೇ ಜೀಪಿನಲ್ಲಿ ಬೀದರಿನ ಆಸ್ಪತ್ರೆಗೆ ಒಯ್ಯಬೇಕು. ಪಟ್ಟಿಯಲ್ಲಿ ಇಲ್ಲದವರಿಗೆ ಊರಲ್ಲೇ ಹೆರಿಗೆ.

ಮಾಡೆಲಿಂಗ್‌ನಲ್ಲಿ, ಅಂದರೆ ಆ ಉಗ್ರಾಣದ ನಕ್ಷೆ ಹಾಕುವ ಕೆಲಸದಲ್ಲಿ, ಮೊದಲ ಪ್ರಶ್ನೆ, ಒಬ್ಬ ಮನುಷ್ಯನನ್ನು ಯಂತ್ರ ಯಾವುದರಿಂದ ಗುರುತು ಹಿಡಿಯಬೇಕು ಎಂಬುದು. ಆ ಗುರುತಿಗೆ ಕೀ ಎನ್ನುತ್ತೇವೆ. ವಿಮಾ ಕಂಪನಿಯಲ್ಲಿ ಪ್ರತಿಯೊಬ್ಬರಿಗೂ ಪಾಲಿಸಿ ನಂಬರ್ ಇರುತ್ತಿತ್ತು, ಕೆಲಸ ಸಲೀಸು. ಇಲ್ಲಿ ಅಂಥ ನಂಬರ್ ಯಾವುದೂ ಇರಲಿಲ್ಲ. ಹೆಸರು, ತಂದೆಯ ಅಥವಾ ಗಂಡನ ಹೆಸರು, ಊರು, ಈ ಮೂರನ್ನು ಹೊಲಿದು ನಾನು ಒಂದು ಕೀ ಮಾಡಿದೆ. ಎರಡು ದಿನದ ಕೆಲಸ. ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಆದರೆ ನಮ್ಮ ಭಾಗದಲ್ಲಿ ಮದುವೆಯಾದ ಹುಡುಗಿಗೆ ಹೆಸರು ಬದಲಾಗುತ್ತದೆ. ತಾಟಿನಲ್ಲಿ ಅಕ್ಕಿ ಹರವಿ, ಗಂಡನಾದವನು ಅದರ ಮೇಲೆ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ಅಂದಿನಿಂದ ಅತ್ತೆಮನೆಯಲ್ಲಿ ಅದೇ ಹೆಸರು. ಚೊಚ್ಚಲ ಹೆರಿಗೆ ಮಾತ್ರ ತವರಲ್ಲಿ. ಅಲ್ಲಿನ ರಿಜಿಸ್ಟರಿನಲ್ಲಿ ಹಳೆಯ ಹೆಸರು, ಅಪ್ಪನ ಹೆಸರು, ಅಪ್ಪನ ಊರು. ಎರಡನೆಯ ಹೆರಿಗೆಗೆ ಗಂಡನೂರಿನ ರಿಜಿಸ್ಟರ್, ಅಲ್ಲಿ ಮೂರೂ ಬೇರೆ. ಅದಕ್ಕಾಗಿಯೇ ಹಳೆಯ ನರ್ಸ್‌ಗಳು ಎರಡೂ ಹೆಸರು ಬರೆದು ನಡುವೆ ‘ಉರ್ಫ್’ ಎಂದು ಸೇರಿಸುತ್ತಿದ್ದರು. ಇವಳೇ ಅವಳು ಎಂದು ಹೇಳುತ್ತಿದ್ದದ್ದು ಆ ಒಂದು ಪದ ಮಾತ್ರ. ಡೇಟಾ ಶುದ್ಧ ಮಾಡುವ ಪ್ರೋಗ್ರಾಂನಲ್ಲಿ ನಾನು, ಉರ್ಫ್ ಮತ್ತು ಅದರ ಮುಂದಿನದನ್ನೆಲ್ಲ ಕತ್ತರಿಸಿ ಹಾಕು ಎಂದು ಬರೆದೆ.

ಯಾಕೆ? ಕಾಲಂ ಅಗಲ ಸಾಲುವುದಿಲ್ಲ ಎಂದು ವರದಿಯಲ್ಲಿ ಕಾರಣ ಕೊಟ್ಟಿದ್ದೆ. ಅದು ಅರ್ಧ ಸತ್ಯ. ನನಗೂ ಅಕ್ಕಿಯ ತಾಟಿನಲ್ಲಿ ಒಂದು ಹೆಸರು ಬರೆದಿದ್ದರು, ಅನ್ನಪೂರ್ಣ ಎಂದು. ಮನೆಯಲ್ಲಿ ಅತ್ತೆಯವರು ಹಾಗೆ ಕರೆದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಡಿಗ್ರಿ ಸರ್ಟಿಫಿಕೇಟಿನಲ್ಲಿ ವಿಜಯಲಕ್ಷ್ಮಿ ಇದ್ದುದರಿಂದ ಆಫೀಸಿನಲ್ಲಿ ನನ್ನ ಹೆಸರು ಉಳಿದುಕೊಂಡಿತ್ತು. ಇನ್ನೊಂದನ್ನು ನಾನು ಯಾವ ಕಾಗದದಲ್ಲೂ ಬರೆದವಳಲ್ಲ. ಹೆಂಗಸರಿಗೆ ಒಂದು ಹೆಸರು ಸಾಕು ಎಂದು ನಾನು ತೀರ್ಮಾನಿಸಿದ್ದೆ, ಅವರನ್ನು ಒಂದು ಮಾತೂ ಕೇಳದೆ.

ಆಗಸ್ಟ್‌ನಲ್ಲಿ ಶಾಂತಾಬಾಯಿ ಬಂದರು. ನಾರಾಯಣಪುರದ ಕಡೆ ಇಪ್ಪತ್ತು ವರ್ಷ ಹೆರಿಗೆ ಮಾಡಿಸಿದ ನರ್ಸ್. ಬಸವಕಲ್ಯಾಣದಿಂದ ಬಸ್ಸು ಹಿಡಿದು, ನಮ್ಮ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ನಿಂತಿದ್ದರು. ಕೈಯಲ್ಲಿ ನಾವು ಕಳಿಸಿದ ಪಟ್ಟಿ.

“ಮೇಡಂ, ಉರ್ಫ್ ಎಲ್ಲಿ ಹೋತ್ರಿ? ಅದು ಇಲ್ಲಂದ್ರ ನಮ್ಮ ಹೆಣ್ಣಮಕ್ಕಳು ನಿಮಗ ಸಿಗಂಗಿಲ್ಲ.”

ಕಂಪ್ಯೂಟರ್ ಹೇಗೆ ಹುಡುಕುತ್ತದೆ ಎಂದು ನಾನು ಅವರಿಗೆ ಪಾಠ ಮಾಡಿದೆ. ಮಧ್ಯೆ ಎರಡು ಇಂಗ್ಲಿಷ್ ಪದ ಹೆಚ್ಚೇ ಹಾಕಿದೆ. ಅವರು ಪೂರ್ತಿ ಕೇಳಿದರು, ನೀರು ಕುಡಿದರು, “ಆತ್ ಬಿಡ್ರಿ, ನೀವು ಓದಿದವರು” ಎಂದು ಇಳಿದು ಹೋದರು. ಹೋದಮೇಲೆ ಟೈಪಿಸ್ಟ್‌ಗಳ ಎದುರು ನಾನು ಅವರ ಬಗ್ಗೆ ಒಂದು ಕುಚೋದ್ಯದ ಮಾತು ಆಡಿದ್ದೂ ನೆನಪಿದೆ. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಕಸ್ತೂರಿ ನಾರಾಯಣಪುರದ ಹುಡುಗಿ. ೨೦೦೧ರಲ್ಲಿ ತವರಿನಲ್ಲಿ ಅವಳ ಮೊದಲ ಹೆರಿಗೆ ಮಾಡಿಸಿದ್ದು ಶಾಂತಾಬಾಯಿಯೇ. ಮಗು ಹುಟ್ಟಿದ ಮೇಲೆ ರಕ್ತ ನಿಲ್ಲದೆ, ದೊಡ್ಡ ಆಸ್ಪತ್ರೆಗೆ ಒಯ್ದು, ಮೂರು ಬಾಟಲಿ ರಕ್ತ ಕೊಟ್ಟು ಉಳಿಸಿದ್ದರು. ಒಮ್ಮೆ ಹಾಗಾದವರಿಗೆ ಮತ್ತೆ ಹಾಗಾಗುವ ಸಂಭವ ಹೆಚ್ಚು. ನಮ್ಮ ನಿಗಾ ಪಟ್ಟಿ ಇದ್ದದ್ದೇ ಇಂಥವರಿಗಾಗಿ. ಅವಳ ಗಂಡ ಮಾಣಿಕನಗರದಲ್ಲಿ ಆಟೋ ಓಡಿಸುತ್ತಿದ್ದ ಸಂಗಪ್ಪ. ಅಲ್ಲಿ ಅವಳು ಮಹಾದೇವಿ. ಎರಡನೆಯ ಸಲ ಬಸುರಿಯಾದಾಗ ಮಾಣಿಕನಗರದ ರಿಜಿಸ್ಟರಿನಲ್ಲಿ ಆ ಹೆಸರೇ ಏರಿತು. ಯಂತ್ರ ನನ್ನ ಕೀ ಹಿಡಿದು ಹುಡುಕಿತು. ಮಹಾದೇವಿ, ಗಂಡ ಸಂಗಪ್ಪ, ಮಾಣಿಕನಗರ. ಹಳೆಯ ದಾಖಲೆ ಸಿಗಲಿಲ್ಲ.

ಇಲ್ಲಿ ನನ್ನ ಇನ್ನೊಂದು ತಪ್ಪು ಬಂದು ಕೂಡಿಕೊಂಡಿತು. ದಾಖಲೆ ಸಿಗದಿದ್ದರೆ ಆ ಜಾಗ ಖಾಲಿ ಉಳಿಯುತ್ತದೆ. ಖಾಲಿ ಎಂದರೆ ‘ಗೊತ್ತಿಲ್ಲ’ ಎಂದು ಅರ್ಥ. ಪ್ರತಿ ಬಸುರಿಯ ಹೆಸರಿನಲ್ಲಿ ನರ್ಸ್‌ಗಳಿಗೆ ಕಳಿಸುತ್ತಿದ್ದ ಚೀಟಿಯಲ್ಲಿ ಖಾಲಿ ಜಾಗಗಳು ಅಸಹ್ಯವಾಗಿ ಕಾಣುತ್ತವೆಂದು, ಅಂಥ ಕಡೆ ‘ಇಲ್ಲ’ ಎಂದು ತಾನಾಗಿ ತುಂಬುವಂತೆ ನಾನು ಮಾಡಿದ್ದೆ. ಹೀಗಾಗಿ ಅವಳ ಚೀಟಿಯಲ್ಲಿ ‘ಹಿಂದಿನ ಹೆರಿಗೆಯಲ್ಲಿ ತೊಂದರೆ: ಇಲ್ಲ’ ಎಂದು ಅಚ್ಚಾಯಿತು. ಗೊತ್ತಿಲ್ಲದ್ದನ್ನು ಇಲ್ಲ ಎಂದು ಸುಳ್ಳು ಹೇಳಿದ್ದು ಯಂತ್ರವಲ್ಲ, ನಾನು.

ಮಾಣಿಕನಗರದ ನರ್ಸ್ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಆಮೇಲೆ ಅವಳು ಅಳುತ್ತ ನನಗೆ ಹೇಳಿದ್ದಿಷ್ಟು. ಮಹಾದೇವಿ ಮೊದಲ ಸಲ ಬಹಳ ರಕ್ತ ಹೋಗಿತ್ತೆಂದು ಎರಡು ಸಲ ಹೇಳಿದ್ದಳಂತೆ. ಎಲ್ಲರಿಗೂ ಸ್ವಲ್ಪ ಹೋಗುತ್ತದೆ ಎಂದು ಈಕೆ ಚೀಟಿ ತೋರಿಸಿದಳಂತೆ. “ಕಂಪ್ಯೂಟರ್ ಕಾಗದದಾಗ ತೊಂದ್ರಿ ಇಲ್ಲ ಅಂತ ಅದ ನೋಡು, ಅಂಜಬ್ಯಾಡ ಅಂದೆ ಮೇಡಂ.” ಅಂಜಿಕೊಂಡಿದ್ದ ಆ ಹೆಂಗಸಿಗೆ ನನ್ನ ಕಾಗದ ಧೈರ್ಯ ಹೇಳಿತ್ತು.

ನವೆಂಬರಿನ ಒಂದು ಮಧ್ಯಾಹ್ನ ಹೆಣ್ಣು ಮಗು ಹುಟ್ಟಿತು. ಅರ್ಧ ಗಂಟೆಯಲ್ಲಿ ಹಾಸಿಗೆ ಒದ್ದೆಯಾಯಿತು. ಜೀಪು ಪಟ್ಟಿಯಲ್ಲಿದ್ದ ಇನ್ನೊಬ್ಬಳನ್ನು ಕರೆದುಕೊಂಡು ಬೀದರಿಗೆ ಹೋಗಿತ್ತು. ಸಂಗಪ್ಪ ತನ್ನ ಆಟೋದಲ್ಲೇ ಹೆಂಡತಿಯನ್ನು ಮಲಗಿಸಿ, ನರ್ಸನ್ನು ಹತ್ತಿಸಿಕೊಂಡು ಬೀದರ್ ರಸ್ತೆ ಹಿಡಿದ. ಹಳ್ಳಿಖೇಡ ಮುಟ್ಟುವ ಮೊದಲೇ ಅವಳ ಉಸಿರು ನಿಂತಿತ್ತು. ಅವನಿಗೆ ಗೊತ್ತಾಗಿರಲಿಲ್ಲ. ಹಿಂದೆ ಕುಳಿತ ನರ್ಸ್‌ಗೆ ಹೇಳುವ ಧೈರ್ಯ ಸಾಲದೆ, ಅವನು ಹಾಗೇ ಮುಂದೆ ಓಡಿಸುತ್ತ ಹೋದ.

ಸೋಮವಾರ ಸಾವಿನ ಫಾರಂ ನಮ್ಮ ಆಫೀಸಿಗೆ ಬಂತು. ಮಹಾದೇವಿ, ಇಪ್ಪತ್ತೆರಡು ವರ್ಷ. ಟೈಪಿಸ್ಟ್ ಅದನ್ನು ಏರಿಸಿದಳು, ಎಲ್ಲರೂ ಅಯ್ಯೋ ಎಂದರು, ಚಹಾ ಬಂತು. ನಾಲ್ಕನೆಯ ದಿನ ಶಾಂತಾಬಾಯಿ ಮತ್ತೆ ಮೆಟ್ಟಿಲು ಹತ್ತಿ ಬಂದರು. ಈ ಸಲ ಬಟ್ಟೆಯಲ್ಲಿ ಸುತ್ತಿದ ಹಳೆಯ ರಿಜಿಸ್ಟರ್ ತಂದಿದ್ದರು. ನನ್ನ ಮೇಜಿನ ಮೇಲೆ ಬಿಚ್ಚಿ, ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ಕಸ್ತೂರಿ ಉರ್ಫ್ ಮಹಾದೇವಿ’. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ರಕ್ತಸ್ರಾವ, ಮೂರು ಬಾಟಲಿ’. ನಾನು ಕಂಪ್ಯೂಟರಿನಲ್ಲಿ ಹುಡುಕಿದೆ. ನಾರಾಯಣಪುರದ ಕಸ್ತೂರಿ ಅಲ್ಲಿದ್ದಳು, ಅಪಾಯದ ಗುರುತಿನ ಸಮೇತ.

“ಖರೇ ಕಸ್ತೂರಿ ಸತ್ತಾಳ,” ಎಂದರು ಶಾಂತಾಬಾಯಿ. “ನಿಮ್ಮ ಮಷೀನ್‌ದಾಗ ಇನ್ನಾ ಜೀವಂತ ಇದ್ದಾಳ್ರಿ.”

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವರ ಜೊತೆಯೇ ನಾನು ನಾರಾಯಣಪುರಕ್ಕೆ ಹೋದೆ. ಕಸ್ತೂರಿಯ ತಾಯಿ ಗಂಗಮ್ಮ ಅಂಗಳದಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಚಮಚೆಯಲ್ಲಿ ಹಾಲು ಕುಡಿಸುತ್ತಿದ್ದಳು. ನಾನು ಹೇಳಬೇಕಾದ್ದನ್ನು ಹೇಳಿದೆ. ನಿಮ್ಮ ಮಗಳ ಹಳೆಯ ದಾಖಲೆ ನಮ್ಮಲ್ಲಿತ್ತು, ಹೆಸರು ಕೂಡಿಸದೆ ಬಿಟ್ಟವಳು ನಾನು, ಕೂಡಿಸಿದ್ದರೆ ಜೀಪು ಮೊದಲೇ ಅವಳನ್ನು ಬೀದರಿಗೆ ಒಯ್ಯುತ್ತಿತ್ತು ಎಂದೆ. ಎಷ್ಟು ಅರ್ಥವಾಯಿತೋ ತಿಳಿಯಲಿಲ್ಲ. ಕೂಸಿನ ಬಾಯಿ ಒರೆಸಿ ಒಂದೇ ಒಂದು ಪ್ರಶ್ನೆ ಕೇಳಿದಳು.

“ಸತ್ತ ಕಾಗದದಾಗ ಯಾವ ಹೆಸರು ಬರದೀರಿ?”

ಮಹಾದೇವಿ ಎಂದೆ.

“ಆ ಹೆಸರಿನಾಕಿ ನನಗ ಗೊತ್ತಿಲ್ಲವ್ವ. ನಾ ಹಡದಾಕಿ ಕಸ್ತೂರಿ.”

ಸಂಸ್ಥೆ ವಿಚಾರಣೆ ಮಾಡಿತು. ಮಾಡೆಲ್‌ಗೆ ಮೇಲಿನವರ ಸಹಿ ಇತ್ತು, ಆದ್ದರಿಂದ ಯಾರದೂ ವೈಯಕ್ತಿಕ ತಪ್ಪಿಲ್ಲ, ಇದು ಡೇಟಾ ಗುಣಮಟ್ಟದ ಸಮಸ್ಯೆ ಎಂದು ಎರಡು ಪುಟದ ವರದಿ ಬಂತು. ನನ್ನ ಸಂಬಳದಲ್ಲಿ ಒಂದು ರೂಪಾಯಿ ಕಡಿಮೆಯಾಗಲಿಲ್ಲ. ಆ ವರದಿಯನ್ನು ಓದಿ ನನಗೆ ಸಿಟ್ಟು ಬಂತು, ಒಳಗೊಳಗೇ ಸಮಾಧಾನವೂ ಆಯಿತು. ಆ ಸಮಾಧಾನವನ್ನು ನಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

ಮಾಡೆಲ್ ಪೂರ್ತಿ ಒಡೆದು ಕಟ್ಟಿದೆ. ಮೂರು ವಾರ ಶಾಂತಾಬಾಯಿ ನನ್ನ ಪಕ್ಕ ಕುಳಿತರು. ಹೆಸರಿನಿಂದ ಕೀ ಮಾಡುವುದನ್ನು ಬಿಟ್ಟು, ಪ್ರತಿ ಹೆಂಗಸಿಗೂ ಎಂದೂ ಬದಲಾಗದ ಒಂದು ನಂಬರ್ ಕೊಟ್ಟೆವು. ಹೆಸರುಗಳಿಗೆ ಬೇರೆಯೇ ಕೋಷ್ಟಕ. ಯಾವ ಹೆಸರು, ಯಾವ ಊರಲ್ಲಿ, ಎಂದಿನಿಂದ ಎಂದಿನವರೆಗೆ. ಹೊಸದು ಬಂದರೆ ಹಳೆಯದನ್ನು ಅಳಿಸದೆ ಕೆಳಗೆ ಇನ್ನೊಂದು ಸಾಲು ಸೇರಿಸುವುದು. ‘ಇಲ್ಲ’ಕ್ಕೂ ‘ಗೊತ್ತಿಲ್ಲ’ಕ್ಕೂ ಬೇರೆ ಬೇರೆ ಗುರುತು. ಹಳೆಯ ರಿಜಿಸ್ಟರ್‌ಗಳನ್ನು ಮತ್ತೆ ಮೊದಲಿಂದ ಏರಿಸಿದಾಗ, ನಾರಾಯಣಪುರದ ಆ ಒಂದೇ ಪುಸ್ತಕದಲ್ಲಿ ಹೀಗೆ ಎರಡಾಗಿ ಒಡೆದ ಮೂವತ್ತೊಂದು ಜನ ಹೆಂಗಸರು ಸಿಕ್ಕರು. ಅವರಲ್ಲಿ ಇಬ್ಬರು ಆಗ ತುಂಬು ಬಸುರಿಯರು. ಇಬ್ಬರೂ ಬೀದರಿಗೆ ಹೋಗಿ ಹೆತ್ತು, ಬದುಕಿ ಬಂದರು.

ಪರೀಕ್ಷೆಗಾಗಿ ಮೊದಲು ನನ್ನದೇ ಸಾಲು ಹಾಕಿದೆ. ವಿಜಯಲಕ್ಷ್ಮಿ ಎಂದು ಬರೆದು, ಅದರ ಕೆಳಗೆ ಮೊದಲ ಸಲ ಅನ್ನಪೂರ್ಣ ಎಂದು ಬರೆದೆ. ಶಾಂತಾಬಾಯಿ ಓದಿ ನನ್ನ ಮುಖ ನೋಡಿದರು. ಆಮೇಲೆ ಕಸ್ತೂರಿಯ ಎರಡೂ ಹೆಸರುಗಳನ್ನು ಒಂದೇ ನಂಬರಿಗೆ ತಂದೆವು. ಚಾಲ್ತಿಯಲ್ಲಿರುವ ಸಾಲಿಗೆ ‘ಎಂದಿನವರೆಗೆ’ ಎಂಬಲ್ಲಿ ೯೯೯೯ನೆಯ ಇಸವಿಯ ಕೊನೆಯ ದಿನಾಂಕ ಹಾಕಿಡುವುದು ನಮ್ಮ ವೃತ್ತಿಯ ರೂಢಿ, ಇನ್ನೂ ಮುಗಿದಿಲ್ಲ ಎಂಬ ಅರ್ಥದಲ್ಲಿ. ಕಸ್ತೂರಿ ಎಂಬ ಸಾಲಿನಲ್ಲಿ ಅದೇ ಇತ್ತು. ಅದನ್ನು ತೆಗೆದು ನವೆಂಬರಿನ ಆ ದಿನಾಂಕ ತುಂಬಿದೆ. ಅವಳ ಸಾವಿನ ಕಾಗದವನ್ನೂ ಎರಡು ಹೆಸರಿನಲ್ಲಿ ಹೊಸದಾಗಿ ಮಾಡಿಸಿ, ಗಂಗಮ್ಮನಿಗೆ ಕೊಟ್ಟುಬಂದೆ.

ಈಗ ನಿವೃತ್ತಳಾಗಿದ್ದೇನೆ. ಆಗಾಗ ಹೊಸ ಮಾಡೆಲರ್‌ಗಳಿಗೆ ತರಬೇತಿ ಕೊಡಲು ಕರೆಯುತ್ತಾರೆ. ಒಂದು ಕಾಲಂ ಕಿತ್ತು ಹಾಕುವ ಮೊದಲು, ಅದನ್ನು ಬರೆದವರ ಹತ್ತಿರ ಹೋಗಿ ಯಾಕೆ ಬರೆದಿರಿ ಎಂದು ಕೇಳಿ ಎನ್ನುತ್ತೇನೆ. ಅವರು ಅದನ್ನು ಬರೆದುಕೊಳ್ಳುತ್ತಾರೆ. ನನ್ನ ವಿಷಯದಲ್ಲಿ ಹೋಗಿ ಕೇಳುವ ಶ್ರಮವೂ ಇರಲಿಲ್ಲ ಎಂಬುದನ್ನು ಮಾತ್ರ ಅವರಿಗೆ ಇದುವರೆಗೆ ಹೇಳಿರಲಿಲ್ಲ. ಬರೆದವರೇ ಬಸ್ಸು ಹತ್ತಿ, ಮೆಟ್ಟಿಲು ಹತ್ತಿ, ನನ್ನ ಮೇಜಿನವರೆಗೆ ಬಂದು ಹೇಳಿ ಹೋಗಿದ್ದರು.