ನಾಯಿಯ ಹಲ್ಲು ಕಾಯೋ ಹೆಬ್ಬೆರಳು

ನಮ್ಮ ಉಗುರಣ್ಣ ಹೆಬ್ಬೆರಳು ಒತ್ತಿದ್ರೆ ಕಲ್ಲು ಕೂಡ ಅಯ್ಯೋ ಅನ್ನುತ್ತೆ. ಅವನು ಬೀದೀಲಿ ಕಾಣಿಸಿದ್ರೆ ಸಾಕು, ಸುತ್ತಲಿನ ನಾಯಿಗಳೆಲ್ಲ ಸಾಲಾಗಿ ನಿಂತು ಬಾಯಿ ತೆರೆದು ಹಲ್ಲು ತೋರಿಸ್ತವೆ. ಸರಿ ಸರಿ, ಇದರಲ್ಲಿ ಅರ್ಧ ಸುಳ್ಳು. ಸಾಲಾಗಿ ಎಲ್ಲಿ ನಿಲ್ತವೆ? ಒಂದರ ಮೇಲೊಂದು ಬಿದ್ದು ಅವನ ಪ್ಯಾಂಟು ಕೆಸರು ಮಾಡ್ತವೆ.

ಬೆಳಗಿನ ಐದೂವರೆ. ನಾಯಿ ಬೆಕ್ಕಿನ ಸಾಮಾನು ಮಾರೋ ಅಂಗಡಿಯ ಶಟರ್ ಮೊಣಕಾಲೆತ್ತರ ಎದ್ದಿದೆ. ಹಿಂದಿನ ಕೋಣೇಲಿ ಒಂದು ಬಲ್ಬು, ಒಂದು ಸ್ಟೂಲು, ಎರಡು ಬುಟ್ಟಿ. ನಾಯಿ ಅಗಿಯೋ ತಿಂಡಿಯ ಮೂಟೆ ಬಿಚ್ಚಿದ್ರೆ ಒಣ ಚರ್ಮದ ವಾಸನೆ ಗಪ್ಪಂತ ಮೂಗಿಗೆ ಹೊಡೆಯುತ್ತೆ. ಹೊಸಬರಾದ್ರೆ ಮೂರು ದಿನ ಊಟ ಸೇರಲ್ಲ. ಉಗುರಣ್ಣ ಮಾತ್ರ ಹೂವು ಮೂಸೋರ ಹಾಗೆ ಕಣ್ಣು ಮುಚ್ಚಿ ಮೂಸ್ತಾನೆ, ಬಗ್ಗಿಸ್ತಾನೆ, ಬೆಳಕಿಗೆ ಹಿಡೀತಾನೆ. ಕೊನೆಗೆ ಹೆಬ್ಬೆರಳಿನ ಉಗುರು ಊರಿ ಒತ್ತುತ್ತಾನೆ. ಬಲಗಡೆ ಬುಟ್ಟಿಗೆ ಬಿದ್ರೆ ಅಂಗಡಿಗೆ, ಎಡಗಡೆಗೆ ಬಿದ್ರೆ ಕಸಕ್ಕೆ.

"ಒತ್ತಿದ್ರೆ ಗುರುತು ಬೀಳ್ಬೇಕು," ಅಂತಾನೆ. "ಬೀಳ್ಲಿಲ್ಲ ಅಂದ್ರೆ ಅದು ತಿಂಡಿ ಅಲ್ಲ, ಸುತ್ತಿಗೆ. ನಾಯಿಗೆ ಏನು ಗೊತ್ತು ಪಾಪ, ಹಲ್ಲು ಮುರಿಯೋವರೆಗೂ ಕಡೀತಾನೇ ಇರುತ್ತೆ. ತುಂಡು ಅದರ ಬಾಯಿಗಿಂತ ದೊಡ್ಡದಿರ್ಬೇಕು, ಇಲ್ಲಾಂದ್ರೆ ಗುಳುಂ ಅಂತ ನುಂಗಿ ಗಂಟಲಲ್ಲಿ ಸಿಕ್ಕಿಸ್ಕೊಳ್ಳುತ್ತೆ. ಬೇಯಿಸಿದ ಮೂಳೆ ಅಂತೂ ತೋರಿಸ್ಲೂಬೇಡಿ. ಚೂರು ಚೂರಾಗಿ ಸೂಜಿ ಹಾಗೆ ಚುಚ್ಚುತ್ತೆ."

ದಿನಕ್ಕೆ ಮುನ್ನೂರು ತುಂಡು ಅವನ ಬೆರಳಡಿ ಹಾದು ಹೋಗ್ತವೆ. ಹನ್ನೆರಡಕ್ಕೊಂದು ಕಸ ಸೇರುತ್ತೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಪೊಟ್ಟಣದ ಮೇಲೆ ನಗೋ ನಾಯಿಯ ಫೋಟೋ ಇರುತ್ತೆ. ಉಗುರಣ್ಣನ ಹೆಸರು ಎಲ್ಲೂ ಇಲ್ಲ.

ಮೊದಲು ಅವನು ಚಪ್ಪಲಿ ಕಾರ್ಖಾನೇಲಿ ಅಟ್ಟೆ ಪರೀಕ್ಷೆ ಮಾಡ್ತಿದ್ದ. ಕಾರ್ಖಾನೆ ಮುಚ್ಚಿದ ಮೇಲೆ ಎರಡು ವರ್ಷ ಲಾರಿಯಿಂದ ಮೂಟೆ ಇಳಿಸಿದ್ದಾನೆ, ಬೆನ್ನು ಇವತ್ತಿಗೂ ನೆಟ್ಟಗಾಗಿಲ್ಲ. ಒಂದಿನ ಇದೇ ಅಂಗಡಿಗೆ ಮೂಟೆ ಹೊತ್ತು ತಂದವನು ಒಂದು ತುಂಡು ಮೂಸಿ, "ಅಮ್ಮಾ, ಬೆಳ್ಳಗೆ ಕಾಣ್ಲಿ ಅಂತ ಇದಕ್ಕೆ ಯಾವುದೋ ಔಷಧಿ ಹಾಕಿದ್ದಾರೆ, ಮಾರ್ಬೇಡಿ," ಅಂದ. ಅಂಗಡಿ ಯಜಮಾನಿ ಅವನನ್ನ ಮೇಲಿಂದ ಕೆಳಗೆ ನೋಡಿ, "ನಾಳೆಯಿಂದ ಒಳಗೇ ಕೂತ್ಕೋ," ಅಂದಳು. ಅಷ್ಟೇ ಅವನ ಇಂಟರ್‌ವ್ಯೂ.

ಬೆಳಗಿನ ಕೆಲಸ ಹೀಗೆ ನಡೀತಿದ್ದದ್ದು ಎರಡು ತಿಂಗಳ ಹಿಂದಿನವರೆಗೆ. ಆಗೊಂದಿನ ಮೂಲೆ ಮನೆ ಟೈಲರಮ್ಮ ಬಟ್ಟೆ ಚೂರಲ್ಲಿ ಏನೋ ಸುತ್ತಿಕೊಂಡು ಬರ್ತಾಳೆ. ಬಿಚ್ಚಿದ್ರೆ ಅರ್ಧ ಹಲ್ಲು. ಅವಳ ಹದಿಮೂರು ವರ್ಷದ ನಾಯಿದು. ಎಲ್ಲರೂ ಅದನ್ನ ತಾತ ಅಂತಾರೆ. ಗಂಡ ಹೋದ ಮೇಲೆ ಅವಳ ಮನೇಲಿ ಉಸಿರಾಡೋ ಇನ್ನೊಂದು ಜೀವ ಅಂದ್ರೆ ಅದೊಂದೇ.

"ನಿಮ್ಮಂಗ್ಡಿ ತುಂಡು ಕಡೀವಾಗ ಮುರೀತು, ಡಾಕ್ಟರು ಉಳಿದರ್ಧಾನೂ ಕಿತ್ತು ಹಾಕಿದ್ರು," ಅಂತಾಳೆ. "ನಿನ್ನನ್ನ ಏನೂ ಅನ್ನಲ್ಲಪ್ಪ. ನೀನು ನೋಡಿ ಕೊಟ್ಟಿದ್ದಲ್ವಾ. ವಯಸ್ಸಾಯ್ತು ಅದಕ್ಕೆ."

ಆ ಮಾತು ಉಗುರಣ್ಣನಿಗೆ ಬೈಗುಳಕ್ಕಿಂತ ಜೋರಾಗಿ ತಾಗುತ್ತೆ. ಅದೇ ಮೂಟೆಯ ಒಂದು ತುಂಡು ಜೇಬಲ್ಲಿ ಹಾಕ್ಕೊಂಡು ಮನೆಗೆ ಹೋಗ್ತಾನೆ. ಒತ್ತಿದ್ರೆ ಗುರುತು ಬೀಳುತ್ತೆ. ಮತ್ತೆ ಒತ್ತುತ್ತಾನೆ, ಬೀಳುತ್ತೆ. ಹಾಗಿದ್ರೆ ತಪ್ಪೆಲ್ಲಿ? ತಟ್ಟೆ ಮುಂದೆ ಕೂತು ಅದನ್ನೇ ತಿರುಗಿಸಿ ತಿರುಗಿಸಿ ನೋಡ್ತಾನೆ.

"ರೀ, ಊಟ ಮಾಡ್ತೀರೋ, ಅದನ್ನೇ ಬಡಿಸ್ಲೋ?" ಅಂತ ಹೆಂಡತಿ ಕಸಿದುಕೊಂಡು ತಾನೂ ಒಮ್ಮೆ ಒತ್ತುತ್ತಾಳೆ. "ಅಯ್ಯಯ್ಯೋ! ನನ್ನ ಉಗುರೇ ಮಡಚಿಹೋಯ್ತು! ಇದ್ರಲ್ಲಿ ಗುರುತು ಬೀಳುತ್ತಾ? ನಿಮ್ದು ಉಗುರಲ್ಲ ಕಣ್ರೀ, ಕುದುರೆ ಗೊರಸು!"

ಅವಳು ನಗ್ತಾಳೆ. ಅವನು ನಗಲ್ಲ. ದೀಪದ ಕೆಳಗೆ ಹೆಬ್ಬೆರಳು ಹಿಡಿದು ನೋಡ್ತಾನೆ. ಇಪ್ಪತ್ತೆರಡು ವರ್ಷ ಒತ್ತಿ ಒತ್ತಿ ಉಗುರು ಕವಡೆ ಹಾಗೆ ದಪ್ಪಗಾಗಿದೆ, ಬೆರಳಿಗೆ ಇಕ್ಕಳದ ಬಲ ಬಂದಿದೆ. ಯಾರ ಉಗುರಿಗೂ ಬಗ್ಗದ ತುಂಡು ಅವನೊಬ್ಬನಿಗೆ ಬಗ್ಗುತ್ತೆ! ಅಳತೆಗೋಲೇ ಕೆಟ್ಟಿದೆ, ಗೋಲು ಹಿಡಿದವನಿಗೆ ಗೊತ್ತಾಗಿಲ್ಲ.

ಮರುದಿನ ಯಜಮಾನಿಗೆ ಹೇಳಿದ್ರೆ, "ಸುಮ್ನಿರೋ ಮಾರಾಯ, ಆಕೆಯೇ ವಯಸ್ಸು ಅಂತಿದ್ದಾಳೆ. ನೀನ್ಯಾಕೆ ಮೈಮೇಲೆ ಎಳ್ಕೋತೀಯ?" ಅಂತಾಳೆ.

"ಆಕೆ ನನ್ನ ಬೆರಳು ನಂಬಿ ತಗೊಂಡಿದ್ದು ಅಮ್ಮಾ. ಸುಮ್ನಿದ್ರೆ ಅದೇ ತುಂಡು ಮತ್ತೆ ಕೊಡ್ತಾಳೆ. ತಾತನ ಬಾಯಲ್ಲಿ ಇನ್ನೆಷ್ಟು ಹಲ್ಲು ಉಳಿದಿವೆ?"

ಯಜಮಾನಿ ಗೊಣಗಿಕೊಂಡೇ ಆ ಮೂಟೆ ಪೂರ್ತಿ ಹಿಂದಕ್ಕೆ ಕಳಿಸ್ತಾಳೆ. ಅವತ್ತಿನಿಂದ ಹೆಂಡತಿಯೂ ಬೆಳಗ್ಗೆ ಜೊತೆಗೆ ಬರ್ತಾಳೆ. ಮೂಸೋದು ಗಂಡ, ಒತ್ತೋದು ಹೆಂಡತಿ. ಕಸದ ಬುಟ್ಟಿ ಈಗ ಮೊದಲಿಗಿಂತ ಬೇಗ ತುಂಬುತ್ತೆ. "ಮದುವೆಯಾಗಿ ಮೂವತ್ತು ವರ್ಷಕ್ಕೆ ಈಗ ನನ್ನ ಮಾತು ನಡೀತಿದೆ," ಅಂತ ಅವಳು ಕಂಡಕಂಡವರ ಹತ್ರ ಹೇಳ್ಕೊಂಡು ತಿರುಗ್ತಾಳೆ.

ಆದ್ರೆ ಟೈಲರಮ್ಮನಿಗೆ ಹೇಳೋದು ಬಾಕಿ ಇತ್ತಲ್ಲ. ಒಂದು ಬೆಳಗ್ಗೆ ಕೆಲಸ ಮುಗಿಸಿ, ಹೊಸ ಮೆತ್ತನೆ ತುಂಡೊಂದು ಹಿಡಿದು ಅವಳ ಮನೆ ಬಾಗಿಲಲ್ಲಿ ನಿಲ್ತಾನೆ. ಒಳಗೆ ಹೊಲಿಗೆ ಮಿಷನ್ನು ಟಕಟಕ ಅಂತಿದೆ, ತಾತ ಅದರ ಕೆಳಗೆ ಮಲಗಿದೆ.

"ಅಕ್ಕಾ, ವಯಸ್ಸಲ್ಲ. ನನ್ನ ಉಗುರೇ ತಪ್ಪು. ನಾನು ಒಪ್ಪಿ ಕೊಟ್ಟ ತುಂಡಿಂದಲೇ ಆ ಹಲ್ಲು ಮುರೀತು." ಬೆರಳು ಮುಂದೆ ಚಾಚಿ ಎಲ್ಲ ಹೇಳ್ತಾನೆ. "ನೀವು ಮತ್ತೆ ನಮ್ಮಂಗ್ಡೀಲಿ ತಗೋಬೇಕು ಅಂತ ಬಂದಿಲ್ಲ. ಬೇರೆ ಎಲ್ಲಿ ತಗೊಂಡ್ರೂ ನಿಮ್ಮ ಉಗುರಲ್ಲೇ ಒತ್ತಿ ನೋಡಿ. ಇನ್ನೊಬ್ಬರನ್ನ ನಂಬ್ಬೇಡಿ."

ಮಿಷನ್ನು ನಿಲ್ಲುತ್ತೆ. ಟೈಲರಮ್ಮ ತುಂಡು ಇಸ್ಕೊಂಡು, ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳಿಂದ ತಾನೇ ಒತ್ತಿ ನೋಡ್ತಾಳೆ. ಗುರುತು ಬೀಳುತ್ತೆ. ಅದನ್ನ ತಿರುಗಿ ಉಗುರಣ್ಣನ ಕೈಗೇ ಕೊಟ್ಟು, ಕಾಲಿಂದ ಸ್ಟೂಲು ಅವನ ಕಡೆ ತಳ್ತಾಳೆ.

"ಕೂತ್ಕೋ. ಒಂದು ತುದಿ ನೀನೇ ಹಿಡ್ಕೊಂಡಿರು, ಅದು ಅಗೀಲಿ. ಚಿಕ್ಕದಾದ ಮೇಲೆ ನುಂಗೋಕೆ ಮುಂಚೆ ಕಿತ್ಕೋ. ಅಲ್ಲೀವರೆಗೂ ಎದ್ರೆ ನೋಡು."

ಮತ್ತೆ ಮಿಷನ್ನು ಟಕಟಕ. ತಾತನಿಗೆ ಉಳಿದಿರೋದು ಬೆರಳೆಣಿಕೆ ಹಲ್ಲು, ಅವಸರ ಅಂತೂ ಜನ್ಮದಲ್ಲೇ ಇಲ್ಲ. ಒಂದು ಸಲ ಅಗಿದು, ಉಗುರಣ್ಣನ ಮುಖ ನೋಡಿ, ಒಂದು ನಿದ್ದೆ ತೆಗೆದು, ಮತ್ತೆ ಇನ್ನೊಂದು ಸಲ ಅಗಿಯುತ್ತೆ. ಅಂಗಡಿಯಿಂದ ಯಜಮಾನಿ ಮೂರು ಸಲ ಫೋನ್ ಮಾಡ್ತಾಳೆ. ಅವನು ಎತ್ತಲ್ಲ. ಎರಡೂ ಕೈ ತುಂಡಿನ ಮೇಲಿದೆ, ಮುಖದಲ್ಲಿ ಮದುವೆ ದಿನವೂ ಇಲ್ಲದ ಕಳೆ ಇದೆ.

ಎಷ್ಟೊತ್ತಿಗೆ ಎದ್ದ ಅಂತೀರಾ? ನೀವೇ ಊಹಿಸಿ ನೋಡೋಣ.