ಕೆರೆಗೆ ತುಂಬಿದ ಉಡಿ

ಹೊಸಪೇಟೆಯ ಒಂದು ದೊಡ್ಡ ಕತ್ತಲ ಕೋಣೆಯಲ್ಲಿ, ಮೂರು ಗೋಡೆಗಳ ತುಂಬ ಕಮಲಾಪುರದ ಕೆರೆ ಹರಡಿದ್ದನ್ನು ನೋಡಿದೆ. ಅದು ನನ್ನ ತವರೂರ ಕೆರೆ. ಅದನ್ನು ವಿಡಿಯೊ ಮಾಡಿ ಗೋಡೆಗೆ ತಂದವಳು ನನ್ನ ಮೊಮ್ಮಗಳು. ಅಂದಿನಿಂದ ಮೆಟ್ರಿಯಲ್ಲಿ ನಮ್ಮ ಮನೆ ಮುಂದೆ ಹಾದುಹೋಗುವವರಿಗೆಲ್ಲ ಹೇಳುತ್ತಿದ್ದೇನೆ. ಇನ್ನೂ ಸಾಕಾಗಿಲ್ಲ.

ಅವಳು ಹುಟ್ಟಿದಾಗ ಗಂಡು ಎಂದು ಪೇಡೆ ಹಂಚಿದ್ದೆವು. ದೊಡ್ಡವಳಾದ ಮೇಲೆ, ತಾನು ಹೆಣ್ಣು ಎಂದು ಹೇಳಿ, ಹೊಸಪೇಟೆಯ ಸ್ಟುಡಿಯೊ ಒಂದರಲ್ಲಿ ಮದುವೆ ವಿಡಿಯೊ ತೆಗೆಯುವ ಕೆಲಸಕ್ಕೆ ಸೇರಿದಳು. ಹಬ್ಬಕ್ಕೆ ಮನೆಗೆ ಬರುತ್ತಿದ್ದಳು. ಅವಳ ತಾಯಿ, ನನ್ನ ಸೊಸೆ, ಊಟಕ್ಕೆ ಬಡಿಸುತ್ತಿದ್ದಳು. ದೋಣಿಮಲೈ ಗಣಿಯಲ್ಲಿ ದುಡಿಯುವ ನನ್ನ ಮಗ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಜಗಳವಿಲ್ಲ, ಮಾತೂ ಇಲ್ಲ. ತವರಿಗೆ ಬಂದ ಹೆಣ್ಣುಮಗಳು ಹೊರಡುವಾಗ ಸೆರಗಿಗೆ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಹಾಕಿ ಉಡಿ ತುಂಬಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ಇವಳಿಗೆ ಯಾರೂ ತುಂಬಲಿಲ್ಲ. ಅವಳು ಕೇಳಲೂ ಇಲ್ಲ. ಹೊಸ್ತಿಲ ಬಳಿ ಚಪ್ಪಲಿ ಮೆಟ್ಟಲು ಮಾತ್ರ ಬಹಳ ಹೊತ್ತು ಮಾಡುತ್ತಿದ್ದಳು.

ಕಳೆದ ಮಳೆಗಾಲದಲ್ಲಿ ಕೆರೆ ತುಂಬಿತು. ತುಂಬಿದ ಕೆರೆಗೂ ಹೆಣ್ಣುಮಗಳಿಗೆ ತುಂಬಿದಂತೆ ಉಡಿ ತುಂಬುವುದುಂಟು.

"ಅಜ್ಜಿ, ಕೆರಿಗೆ ಉಡಿ ತುಂಬ್ತಿಯೇನ? ನಾವು ಶೂಟ್ ಮಾಡ್ಕೋತೀವಿ" ಎಂದು ನನ್ನನ್ನು ಕರೆದೊಯ್ದಳು.

ಕೆರೆ ಏರಿಯ ಮೇಲೆ ಅವಳ ಗೆಳೆಯರ ಗುಂಪಿತ್ತು. ಇವಳಂತೆ ಹೆಣ್ಣಾದವರು, ಹೆಣ್ಣನ್ನೇ ಮೆಚ್ಚಿದ ಹುಡುಗಿಯರು, ಗಂಡನ್ನು ಮೆಚ್ಚಿದ ಗಂಡುಗಳು. ಊರೊಳಗೆ ಕೂತರೆ ಜನ ಕೆಕ್ಕರಿಸಿ ನೋಡುತ್ತಾರೆಂದು ಭಾನುವಾರ ಸಂಜೆ ಅವರು ಸೇರುವುದು ಅಲ್ಲೇ. ಒಬ್ಬ ಪ್ಲಾಸ್ಟಿಕ್ ಸುತ್ತಿದ ಮೈಕನ್ನು ನೀರಿಗೆ ಇಳಿಬಿಟ್ಟು ನನ್ನ ಕಿವಿಗೆ ಹೆಡ್‌ಫೋನ್ ಹಾಕಿದ. ಕೆರೆಯ ಹೊಟ್ಟೆಯೊಳಗೆ ಗುಳುಗುಳು ಸದ್ದು.

"ಒಲಿ ಮ್ಯಾಲ ಅನ್ನ ಕುದ್ದಂಗ ಐತಲ್ಲೋ" ಎಂದೆ.

"ಸುಮ್ಕಿರು ಅಜ್ಜಿ, ರೆಕಾರ್ಡ್ ಆಗಾಕತ್ತೈತಿ" ಎಂದಳು ಮೊಮ್ಮಗಳು.

ಕೆರೆಗೆ ಅಕ್ಕಿ ಬಿಟ್ಟ ಮೇಲೂ ಮೊರದಲ್ಲಿ ಅರ್ಧ ಇತ್ತು. ಬೇಕೆಂದೇ ಉಳಿಸಿದ್ದೆ. ಅವಳನ್ನು ಕರೆದೆ. ಬಂದವಳು ಎರಡೂ ಅಂಗೈ ಜೋಡಿಸಿ ಮುಂದೆ ಚಾಚಿದಳು.

"ಪ್ರಸಾದ ಏನ ಇದು, ಕೈಯಾಗ ಇಸ್ಕೊಳಾಕ? ವೇಲ್ ಹಿಡಿ. ಅಷ್ಟು ಮದುವಿ ವಿಡಿಯೊ ತೆಗೆದಾಕಿ, ಇದನ್ನ ನೋಡಿಲ್ಲೇನ?"

"ನೋಡೀನಿ ಅಜ್ಜಿ. ನನಗ ಯಾರೂ ತುಂಬಿಲ್ಲಲ್ಲ."

ನಾನು ತುಂಬಿದೆ. ನೋಡುತ್ತಿದ್ದಂತೆ ಉಳಿದವರೂ ಸಾಲುಗಟ್ಟಿದರು, ಒಬ್ಬ ಟವೆಲ್ ಹಿಡಿದು. ಕೊನೆಯವರಿಗೆ ಬಂದದ್ದು ನಾಲ್ಕು ಕಾಳು. ಅದಕ್ಕೂ ಅವರು ಗಂಟು ಹಾಕಿಕೊಂಡರು.

ಆ ದಿನ ತೆಗೆದದ್ದೇ ಹೊಸಪೇಟೆಯ ಗೋಡೆಗೆ ಬಂತು. ಬಸ್ಸು ಹತ್ತಲು ಕಾಲು ಬಾರದು ಎಂದು ಹೇಳಿ ಮಗನನ್ನು ಜೊತೆಗೆ ಹೊರಡಿಸಿದ್ದೆ. ಕತ್ತಲಲ್ಲಿ ಕೆರೆ ಕುದಿಯಿತು. ಬಾಗಿಲಷ್ಟು ಅಗಲದ ನನ್ನ ಮುಖ ಬಂತು. ಆಮೇಲೆ ಅವಳ ಜೋಡಿಸಿದ ಅಂಗೈ, ನನ್ನ ಬೈಗುಳ. ಜನ ನಕ್ಕರು. ಆಮೇಲೆ ಅವಳ ಉತ್ತರ ಬಂತು. ಮುಗಿದ ಮೇಲೆ ಅದು ಮತ್ತೆ ಮೊದಲಿಂದ ಶುರುವಾಗುತ್ತದೆ.

"ಕಾಲು ನೋಯ್ತಾವು, ನಡಿ" ಎಂದೆ ಮಗನಿಗೆ.

"ತಡಿಯವ್ವ, ಇನ್ನೊಮ್ಮೆ ಬರತೈತಿ" ಎಂದ. ಗೋಡೆಯಿಂದ ಕಣ್ಣು ತೆಗೆಯಲಿಲ್ಲ.

ಮೊಮ್ಮಗಳು ನಮ್ಮ ಜೊತೆಗೇ ಮೆಟ್ರಿಗೆ ಬಂದಳು. ಮರುದಿನ ಬೆಳಿಗ್ಗೆ ಹೊರಟು ಹೊಸ್ತಿಲ ಬಳಿ ಚಪ್ಪಲಿಗೆ ಕಾಲಿಡುತ್ತಿದ್ದಾಗ ಒಳಗಿನಿಂದ ಮಗನ ದನಿ ಕೇಳಿತು. ಸೊಸೆಗೆ ಹೇಳುತ್ತಿದ್ದ.

"ಕೊಬ್ಬರಿ ಎಲ್ಲಿಟ್ಟೀಯ? ಆಕಿ ಹೊಂಟಾಳ. ಬರೀ ಉಡೀಲೆ ಕಳಸ್ತೀಯೇನ?"

"ಆಗ್ಲೇ ತೆಗೆದಿಟ್ಟೀನಿ. ನೀವು ಕೇಳೋದನ್ನ ಕಾಯಾಕತ್ತಿದ್ದೆ" ಎಂದಳು ಸೊಸೆ.

ಮೊರವನ್ನು ಮಗ ತಾನೇ ಹಿಡಿದು ತಂದ. ಮೊಮ್ಮಗಳು ಗಾಬರಿಯಲ್ಲಿ ಮತ್ತೆ ಎರಡೂ ಅಂಗೈ ಚಾಚಿದಳು.

"ಕೈ ಅಲ್ಲ ಮಗಳ, ವೇಲ್ ಹಿಡಿ" ಎಂದ ನನ್ನ ಮಗ.

ಸೊಸೆ ತುಂಬಿದಳು. ಬಸ್ಸಿನಲ್ಲಿ ಅಕ್ಕಿ ಚೆಲ್ಲಬಾರದೆಂದು ವೇಲಿಗೆ ಬಿಗಿಯಾಗಿ ಗಂಟು ಹಾಕಿ ಕೊಟ್ಟವನು ಅವನೇ.